ಮನೆಯ ಜೋಳ ಪುಕ್ಕಟೆ ಅಲ್ಲ

ರೋಣ ತಾಲ್ಲೂಕಿನಲ್ಲಿ ನನಗೆ ಆರು ಎಕರೆ ಎರಿ ಹೊಲ ಇದೆ. ಬಾವಿ ಇಲ್ಲ, ಬೋರ್ ಇಲ್ಲ. ಮುಂಗಾರಿಗೆ ಹೆಸರು, ಸ್ವಲ್ಪ ಶೇಂಗಾ. ಹಿಂಗಾರಿಗೆ ಜೋಳ, ಕಡಲೆ. ಓದಿದ್ದು ಏಳನೇ ಇಯತ್ತೆ. ನಾಲ್ಕೈದು ವರ್ಷದಿಂದ ಹೊಲದ ಜೊತೆಗೆ ನಮ್ಮ ಮನೆಯಲ್ಲಿ ಇನ್ನೊಂದು ಕೆಲಸ ನಡೆದಿದೆ. ಕುಬಸ, ತೊಟ್ಟಿಲು, ಮನೆ ವಾಸ್ತುಶಾಂತಿಯಂಥ ಸಣ್ಣ ಕಾರ್ಯಗಳಿಗೆ ಊಟ ಮಾಡಿ ಒಪ್ಪಿಸುತ್ತೇವೆ. ಬಹಳ ರೈತರು 'ನಾವೂ ಮಾಡಬಹುದೇ' ಎಂದು ಕೇಳುತ್ತಾರೆ. ಮಾಡಬಹುದು. ಆದರೆ ನಾನು ಮಾಡಿದ ತಪ್ಪನ್ನು ಮಾಡಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಊಟ

2022ರಲ್ಲಿ ಪೇಟೆಯ ಪರಿಚಯದವರೊಬ್ಬರು ನಮ್ಮ ಮನೆಯಲ್ಲಿ ಉಂಡು ಹೋದರು. ಹದಿನೈದು ದಿನಕ್ಕೆ ತಿರುಗಿ ಬಂದು, "ಮಗಳ ಕುಬಸ ಐತಿ. ನೂರು ಮಂದಿ. ಇದೇ ರೊಟ್ಟಿ, ಇದೇ ಎಣ್ಣೆಗಾಯಿ ಮಾಡಿ ಕೊಡ್ರಿ" ಎಂದರು. ಎಲೆಗೆ 70 ರೂಪಾಯಿ ಅಂದೆ. ಅವರು ಒಂದೇ ಮಾತಿಗೆ ಒಪ್ಪಿದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕಾರ್ಯ ಚೆನ್ನಾಗಿ ಆಯಿತು. ರಾತ್ರಿ ದೀಪದ ಕೆಳಗೆ ಕೂತು ಲೆಕ್ಕ ಬರೆದೆ. ಕಿರಾಣಿ, ಕಾಯಿಪಲ್ಯೆ 3,400. ಪಾತ್ರೆ ಬಾಡಿಗೆ 300. ಗ್ಯಾಸ್ 600. ಟೆಂಪೋ 800. ಒಟ್ಟು 5,100. ಬಂದದ್ದು 7,000. ಉಳಿದದ್ದು 1,900 ರೂಪಾಯಿ. ಎರಡು ದಿನಕ್ಕೆ ಇಷ್ಟು ಹೊಲದಲ್ಲಿ ಎಲ್ಲಿ ಸಿಗುತ್ತದೆ ಎಂದು ಖುಷಿಯಾಗಿ ಮನೆಯವಳಿಗೆ ಓದಿ ಹೇಳಿದೆ. ಅವಳು ಸೊಂಟಕ್ಕೆ ಕೈ ಹಚ್ಚಿ ಕೂತಿದ್ದಳು.

"ಎಲ್ಲಾ ಬರದೀರಿ, ಛಲೋ ಆತು. ನಾವು ಮೂರು ಮಂದಿ ಹೆಣ್ಮಕ್ಕಳು ಎರಡು ದಿನ ಒಲಿ ಮುಂದ ಕುಂತೀವಿ. ಅದನ್ನ ಎಲ್ಲಿ ಬರದೀರಿ? ಜ್ವಾಳ ಸಂತಿಗೆ ಒಯ್ದಿದ್ರ ರೊಕ್ಕ ಬರ್ತಿರಲಿಲ್ಲೇನು?" ಎಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಬರೆದೆ. ಮನೆಯ ಜೋಳ 15 ಕಿಲೋ, ಹೆಸರು 3 ಕಿಲೋ, ಶೇಂಗಾ 3 ಕಿಲೋ, ಮನೆಯ ಎಮ್ಮೆಯ ಮೊಸರು ಸೇರಿ ಅಂದಿನ ಪೇಟೆ ಧಾರಣೆಗೆ 1,200. ಹತ್ತಿ ಕಟ್ಟಿಗೆ, ಕುಳ್ಳು 300. ಮೂರು ಆಳು ಎರಡು ದಿನ, ಅಂದರೆ ಆರು ಆಳಿನ ಕೂಲಿ, ತಲೆಗೆ 300ರಂತೆ 1,800. ಒಟ್ಟು 3,300. ಅಂದರೆ ಒಂದು ಎಲೆಗೆ ಬಿದ್ದ ನಿಜವಾದ ಖರ್ಚು 84 ರೂಪಾಯಿ. 70ಕ್ಕೆ ಕೊಟ್ಟು 1,400 ಕಳಕೊಂಡಿದ್ದೆವು. ಕೈಯಲ್ಲಿದ್ದ 1,900 ಲಾಭ ಅಲ್ಲ, ಹೆಂಡತಿ ಸೊಸೆಯರ ಕೂಲಿಯ ಒಂದು ಪಾಲು. ಅದನ್ನು ನಾನು ಲಾಭ ಎಂದು ಕರೆದಿದ್ದೆ.

ಇದು ಒಣಬೇಸಾಯದವರ ಹಳೆಯ ರೋಗ. ಬೀಜ ಮನೆಯದು, ಗೊಬ್ಬರ ಮನೆಯದು, ದುಡಿಮೆ ಮನೆಯದು ಎಂದು ಲೆಕ್ಕದಿಂದ ಬಿಡುತ್ತೇವೆ. ಅದೇ ರೂಢಿಯನ್ನು ಅಡಿಗೆಗೂ ತಂದರೆ ಹೊಲದ ಲುಕ್ಸಾನು ಒಲೆಯ ಮುಂದೆಯೂ ಬರುತ್ತದೆ.

ಎರಡು ಡಬ್ಬಿ

ಆಮೇಲೆ ದರ 100 ರೂಪಾಯಿ ಮಾಡಿದೆವು. ಕೆಲವರು ಬಿಟ್ಟು ಹೋದರು, ಹೋಗಲಿ ಅಂದೆವು. ಹಣ ಬಂದ ದಿನವೇ ಕೂಲಿ ಬೇರೆ ತೆಗೆದು ಹೆಣ್ಣುಮಕ್ಕಳ ಕೈಗೆ ಕೊಡುತ್ತೇವೆ. ಮನೆಯಿಂದ ತೆಗೆದ ಕಾಳುಕಡಿಯ ಬೆಲೆಯನ್ನು ಒಂದು ಡಬ್ಬಿಗೆ ಹಾಕುತ್ತೇವೆ. ಅದಕ್ಕೆ 'ಹೊಲದ ಡಬ್ಬಿ' ಅನ್ನುತ್ತೇವೆ. ಉಳಿದದ್ದು ಇನ್ನೊಂದು ಡಬ್ಬಿಗೆ. ಪಾತ್ರೆ, ರಿಪೇರಿ ಅದರಲ್ಲಿ.

ಇದರ ಬೆಲೆ ತಿಳಿದದ್ದು 2023ರಲ್ಲಿ. ಆ ವರ್ಷ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. ನಮ್ಮ ಹೆಸರು ಹೂವಿನಲ್ಲೇ ಒಣಗಿತು. ಹಿಂಗಾರಿ ಜೋಳ ಮೊಳಕಾಲೆತ್ತರಕ್ಕೆ ನಿಂತು ದನದ ಮೇವಾಯಿತು. ಲೆಕ್ಕದಲ್ಲಿ ಕಿಲೋಕ್ಕೆ 30 ರೂಪಾಯಿ ಹಿಡಿದಿದ್ದ ಜೋಳವನ್ನು 50 ಕೊಟ್ಟು ಕೊಂಡೆವು. ಹೊಲದ ಡಬ್ಬಿಯ ಹಣ ಇತ್ತು, ಕೊಂಡೆವು. ನೂರು ಎಲೆಗೆ 15 ಕಿಲೋ ಜೋಳ. ಏರಿದ ಬೆಲೆ ಎಲೆಗೆ 3 ರೂಪಾಯಿ ಮಾತ್ರ. ಒಂದು ಊಟವನ್ನೂ ಬಿಡಲಿಲ್ಲ. ಜೋಳ ಪುಕ್ಕಟೆ ಎಂದು ಮೊದಲಿನ ದರಕ್ಕೇ ನಡೆಸಿದ್ದರೆ ಆ ವರ್ಷ ಹೊಲವೂ ಹೋಗಿ ಒಲೆಯೂ ಆರುತ್ತಿತ್ತು.

ಎಷ್ಟು ಮಂದಿ ಹಿಡಿಯಬೇಕು

ಇದನ್ನು ಹಂಚು ಹೇಳುತ್ತದೆ. ಒಂದು ಕಿಲೋ ಹಿಟ್ಟಿಗೆ ನಮ್ಮಲ್ಲಿ 20 ರೊಟ್ಟಿ. ಪಳಗಿದ ಕೈ ಒಂದು ಹಂಚಿನ ಮೇಲೆ ತಾಸಿಗೆ 40 ರೊಟ್ಟಿ ಬಡಿದು ಸುಡುತ್ತದೆ. ನೂರು ಮಂದಿಗೆ ತಲೆಗೆ ಮೂರರಂತೆ 300 ರೊಟ್ಟಿ. ಎರಡು ಹಂಚಿಗೆ ಸುಮಾರು ನಾಲ್ಕು ತಾಸು. ನಸುಕಿನ ಮೂರಕ್ಕೆ ಕೂತರೆ ಏಳಕ್ಕೆ ಮುಗಿಯುತ್ತದೆ. ಹೋಳಿಗೆ ಹಿಂದಿನ ಸಂಜೆಯೇ ಆಗಿರುತ್ತದೆ. ಆದ್ದರಿಂದ 120 ಮಂದಿಯ ಮೇಲೆ ನಾವು ಹಿಡಿಯುವುದಿಲ್ಲ. ಒಮ್ಮೆ 400 ಮಂದಿಯ ಲಗ್ನದ ಊಟ ಬಂದಿತ್ತು. ನನಗೆ ಆಸೆಯಾಯಿತು. ಮನೆಯವಳು ಎರಡು ಕೈ ತೋರಿಸಿ, "ಇವು ಎರಡ ಅದಾವ" ಅಂದಳು. ಬಿಟ್ಟೆವು.

ಜೋಳ ಮಾತ್ರ ಹೊಸದಿರಲಿ. ನಾವು ಮಾಲದಂಡಿ ಬಿತ್ತುತ್ತೇವೆ. ಹಿಟ್ಟು ಜಿಗಿ ಬರುತ್ತದೆ, ರೊಟ್ಟಿ ಅಂಚು ಒಡೆಯುವುದಿಲ್ಲ. ಬಹಳ ದಿನದ ಹಿಟ್ಟು ಜಿಗಿ ಕಳಕೊಳ್ಳುತ್ತದೆ. ಅದಕ್ಕೇ ಗಿರಣಿಗೆ ಹಿಂದಿನ ದಿನವೇ ಹಾಕಿಸುತ್ತೇವೆ.

ಒಂದು ಪಲ್ಯೆ ಕೆಟ್ಟದ್ದು

2023ರ ಏಪ್ರಿಲ್‌ನಲ್ಲಿ ಮೊಳಕೆ ಹೆಸರಿನ ಪಲ್ಯೆಯನ್ನು ನಸುಕಿನ ನಾಲ್ಕಕ್ಕೆ ಮಾಡಿ, ಬಿಸಿ ಇದ್ದಾಗಲೇ ದೊಡ್ಡ ಡಬರಿಗೆ ತುಂಬಿ ಮುಚ್ಚಳ ಬಿಗಿದೆವು. ಮಧ್ಯಾಹ್ನ ಒಂದಕ್ಕೆ ತೆರೆದರೆ ಹುಳಿ ವಾಸನೆ. ಯಜಮಾನರಿಗೆ ಇದ್ದದ್ದನ್ನು ಹೇಳಿ ಪಲ್ಯೆಯನ್ನು ಚೆಲ್ಲಿದೆವು. ಎಲೆಗೆ 15 ರೂಪಾಯಿ ಕಡಿಮೆ ತೆಗೆದುಕೊಂಡೆವು. ಮುಚ್ಚಿಟ್ಟು ಬಡಿಸಿದ್ದರೆ ಮಕ್ಕಳು ಮುದುಕರು ಬೇನೆ ಬೀಳುತ್ತಿದ್ದರು.

ಕಾರಣ ಆಮೇಲೆ ತಿಳಿಯಿತು. ಅಡಿಗೆ ಚೆನ್ನಾಗಿ ಬಿಸಿ ಇದ್ದರೆ, ಅಂದರೆ 60 ಡಿಗ್ರಿಯ ಮೇಲಿದ್ದರೆ, ಕೆಡಿಸುವ ಸೂಕ್ಷ್ಮಜೀವಿ ಬೆಳೆಯಲಾರದು. ಉಗುರುಬೆಚ್ಚಗೆ ತಾಸುಗಟ್ಟಲೆ ನಿಂತರೆ ಬಹಳ ವೇಗವಾಗಿ ಬೆಳೆಯುತ್ತದೆ. ದೊಡ್ಡ ಡಬರಿಯ ನಡುಭಾಗ ಬೇಗ ಆರುವುದೂ ಇಲ್ಲ, ಬಿಸಿಯಾಗಿ ಉಳಿಯುವುದೂ ಇಲ್ಲ. ಈಗ ಅನ್ನ, ಸಾರು, ಕಾಳಿನ ಪಲ್ಯೆ ಮೂರನ್ನೂ ಕಾರ್ಯದ ಜಾಗದಲ್ಲೇ ಒಲೆ ಹೂಡಿ ಮಾಡುತ್ತೇವೆ. ಮನೆಯಿಂದ ಒಯ್ಯುವುದು ರೊಟ್ಟಿ, ಚಟ್ನಿಪುಡಿ, ಹೋಳಿಗೆ ಮಾತ್ರ. ರೊಟ್ಟಿಯನ್ನೂ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕುತ್ತೇವೆ.

ಕಾಗದಪತ್ರ

ಅಡಿಗೆ ಮಾಡಿ ಮಾರುವವರು ಸಣ್ಣವರಾದರೂ 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಬೇಕು. ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದೆ. ಮನೆಯ ಗ್ಯಾಸ್ ಸಿಲಿಂಡರನ್ನು ಈ ಕೆಲಸಕ್ಕೆ ಬಳಸುವಂತಿಲ್ಲ. 19 ಕಿಲೋದ ವ್ಯಾಪಾರದ ಸಿಲಿಂಡರ್ ಬೇಕು. ತುಟ್ಟಿ ನಿಜ, ಆದರೆ ಅದನ್ನೂ ದರದಲ್ಲೇ ಹಿಡಿಯಬೇಕು.

ಹೊಸಬರಿಗೆ ನಾಲ್ಕು ಮಾತು. ಮೊದಲೇ ಸಾಲ ಮಾಡಿ ಪಾತ್ರೆ ಕೊಳ್ಳಬೇಡಿ, ಹತ್ತು ಊಟ ಬಾಡಿಗೆ ಪಾತ್ರೆಯಲ್ಲಿ ನಡೆಯಲಿ. ಅರ್ಧ ಹಣ ಸಂಚಕಾರ ಹಿಡಿಯಿರಿ. ಸ್ವಂತ ಬೀಗರ ಕಾರ್ಯವಾದರೂ ದರ ಮೊದಲೇ ಮಾತಾಡಿ. ದರ ಹೇಳುವ ಮೊದಲು ಒಲೆಯ ಮುಂದೆ ಕೂಡುವವರನ್ನು ಕೇಳಿ.

ಈಗ ನಮ್ಮ ಮನೆಯಲ್ಲಿ ದರ ಹೇಳುವುದು ನಾನಲ್ಲ. ಯಾರು ಬಂದರೂ "ಒಳಗ ಕೇಳ್ರಿ" ಅನ್ನುತ್ತೇನೆ. ಲೆಕ್ಕದ ವಹಿಯೂ ಸೊಸೆಯ ಕೈಯಲ್ಲಿದೆ. ಅದರ ಮೊದಲ ಸಾಲು ಕೂಲಿ, ಎರಡನೆಯದು ಜೋಳ.