ನಿಮಗಿದು ಗೊತ್ತೆ? ಹಿಡಿ ಅಕ್ಕಿ ಚರ್ಚಿನ ಪಾಲು!
ಮಿಜೋರಾಂನ ಪ್ರೆಸ್ಬಿಟೇರಿಯನ್ ಮನೆಗಳಲ್ಲಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುವ ರೂಢಿಯಿದೆ. ಅದು ಚರ್ಚಿನ ಪಾಲು. ‘ಬುಹ್‌ಫೈ ಥಾಮ್’ ಎಂಬ ಈ ಪದ್ಧತಿ ಶುರುವಾದದ್ದು 1910ರ ಸುಮಾರಿಗೆ. ಬೆಟ್ಟದ ಬೇಸಾಯಗಾರರ ಕೈಯಲ್ಲಿ ಆಗ ಕಾಸು ಓಡಾಡುತ್ತಿದ್ದುದೇ ಕಡಿಮೆ. ಕಾಣಿಕೆ ಡಬ್ಬಿಗೆ ಹಾಕಲು ಬಿಡಿಗಾಸಿಲ್ಲದವರೂ ಹಿಡಿ ಅಕ್ಕಿ ಕೊಡಬಲ್ಲರಲ್ಲ! ಚರ್ಚಿನ ಹೆಂಗಸರು ಮನೆಮನೆಯಿಂದ ಈ ಅಕ್ಕಿ ಒಟ್ಟುಮಾಡುತ್ತಾರೆ. ಮಾರಿ ಬಂದ ಹಣ ಸಭೆಯ ಸೇವೆಗೆ, ಹೊರ ರಾಜ್ಯಗಳಿಗೆ ಹೋಗುವ ಮಿಷನರಿಗಳ ಖರ್ಚಿಗೆ ನೆರವಾಗುತ್ತದೆ. ಲೆಕ್ಕಪತ್ರದಲ್ಲಿ ಯಾರದೇ ಹೆಸರು ಇರಲಿ, ಚರ್ಚಿನ ಅಸಲಿ ಖಜಾಂಚಿ ಅಡುಗೆಮನೆಯ ಗೃಹಿಣಿಯೇ.

ಇನ್ನೊಂದು ಸ್ವಾರಸ್ಯ. 1894ರಲ್ಲಿ ಮಿಜೋರಾಂಗೆ ಮೊದಲು ಬಂದು ಮಿಜೋ ಭಾಷೆಗೆ ರೋಮನ್ ಲಿಪಿ ಹೊಂದಿಸಿಕೊಟ್ಟ ಮಿಷನರಿಗಳಾದ ಜೆ.ಎಚ್. ಲಾರೇನ್ ಮತ್ತು ಎಫ್.ಡಬ್ಲ್ಯು. ಸ್ಯಾವಿಜ್ ಪ್ರೆಸ್ಬಿಟೇರಿಯನ್ನರಲ್ಲ, ಬ್ಯಾಪ್ಟಿಸ್ಟರು. ಪ್ರೆಸ್ಬಿಟೇರಿಯನ್ನರ ವೇಲ್ಸ್ ಮಿಷನ್ನಿನ ಡಿ.ಇ. ಜೋನ್ಸ್ ಬಂದದ್ದು 1897ರಲ್ಲಿ. ಮುಂದೆ ಉತ್ತರ ಭಾಗ ವೇಲ್ಸ್‌ನವರಿಗೆ, ದಕ್ಷಿಣ ಬ್ಯಾಪ್ಟಿಸ್ಟರಿಗೆ ಎಂದು ಬೆಟ್ಟನಾಡೇ ಹಂಚಿಹೋಯಿತು. ಆ ಮೊದಲ ಇಬ್ಬರು ಕಾಲಿಟ್ಟ ಜನವರಿ 11 ಇಂದಿಗೂ ಮಿಜೋರಾಂನಲ್ಲಿ ಮಿಷನರಿ ದಿನ, ಸರ್ಕಾರಿ ರಜೆ.