ನಾಲ್ಕು ಪೌಂಡಿನ ಗೆರೆ ದಾಟಿದ ಗಣಿ ಹುಡುಗ

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ನೌಕರರ ಮನವಿಪತ್ರಗಳ ಮೇಲೆ ‘ಪರಿಶೀಲಿಸಲಾಗುವುದು’ ಎಂದು ಷರಾ ಬರೆದವನು ನಾನು. ವೇತನವೆಂಬುದು ಬೇಡಿಕೆ, ಪೂರೈಕೆಗಳ ಲೆಕ್ಕವೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆ. ಅದು ಅಧಿಕಾರದ ಲೆಕ್ಕವೂ ಹೌದೆಂಬುದನ್ನು ಕಡತಗಳು ಕಲಿಸಿದವು. ನಿವೃತ್ತಿಯ ಬಿಡುವಿನಲ್ಲಿ ಬಿಲ್ಲಿ ಮೆರೆಡಿತ್ ಎಂಬ ಫುಟ್‌ಬಾಲ್ ಆಟಗಾರನ ಬದುಕನ್ನು ಓದುವಾಗ ಆ ಹಳೆಯ ಷರಾಗಳು ನೆನಪಾದವು.

ವೇಲ್ಸ್‌ನ ಉತ್ತರದಲ್ಲಿ, ಇಂಗ್ಲೆಂಡಿನ ಗಡಿಗೆ ಹೊಂದಿಕೊಂಡಿರುವ ಊರು ಚರ್ಕ್. ಆಗ ಅದು ಕಲ್ಲಿದ್ದಲು ಗಣಿಯ ಹಳ್ಳಿ. 1874ರಲ್ಲಿ ಅಲ್ಲಿ ಹುಟ್ಟಿದ ಮೆರೆಡಿತ್ ಹನ್ನೆರಡರ ವಯಸ್ಸಿಗೇ ಗಣಿಗಿಳಿದು, ಬಂಡಿ ಎಳೆಯುವ ಕುದುರೆಗಳನ್ನು ಹೊಡೆಯುತ್ತಿದ್ದ. 1894ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದ ಮೇಲೂ ಕೆಲವು ತಿಂಗಳು ಗಣಿಯ ಕೆಲಸ ಬಿಡಲಿಲ್ಲ. 1904ರ ಎಫ್‌ಎ ಕಪ್ ಫೈನಲ್‌ನ ಏಕೈಕ ಗೋಲು ಆತನದೇ. ಬಾಯಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡೇ ಮೈದಾನದ ಬಲಬದಿಯಲ್ಲಿ ಚೆಂಡನ್ನು ಒಯ್ಯುತ್ತಿದ್ದ ಆತನನ್ನು ನೋಡಲು ಸಾವಿರಾರು ಜನ ಟಿಕೆಟ್ ಕೊಳ್ಳುತ್ತಿದ್ದರು.

ಆ ಹಣದಲ್ಲಿ ಆತನ ಪಾಲೆಷ್ಟು? 1901ರಿಂದ ಆಟಗಾರರ ಗರಿಷ್ಠ ವೇತನ ವಾರಕ್ಕೆ ನಾಲ್ಕು ಪೌಂಡ್ ಎಂದು ಗೆರೆ ಎಳೆಯಲಾಗಿತ್ತು. ಬೋನಸ್ ನಿಷಿದ್ಧ. ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಬೇರೆ ಕ್ಲಬ್ ಸೇರುವಂತೆಯೂ ಇರಲಿಲ್ಲ.

ಮೆರೆಡಿತ್ ಸಂತನೇನಲ್ಲ. ಎದುರಾಳಿ ಆಟಗಾರನಿಗೆ ಲಂಚದ ಆಮಿಷ ಒಡ್ಡಿದನೆಂದು 1905ರಲ್ಲಿ ಅಮಾನತಾದ. ಕ್ಲಬ್ ಕೈಬಿಟ್ಟಾಗ, ಅದು ಮಿತಿ ಮೀರಿ ಗುಟ್ಟಾಗಿ ಹಣ ಕೊಡುತ್ತಿದ್ದುದನ್ನು ಹೊರಗೆಡಹಿದ. ಪರಿಣಾಮವಾಗಿ 1906ರಲ್ಲಿ 17 ಆಟಗಾರರು ಶಿಕ್ಷೆಗೊಳಗಾದರು. ನಿಯಮವು ವಾಸ್ತವಕ್ಕೆ ಹೊಂದದಿದ್ದರೆ ವ್ಯವಹಾರ ಮೇಜಿನ ಕೆಳಗೆ ಸರಿಯುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಆತ ಅಲ್ಲಿಗೇ ನಿಲ್ಲಲಿಲ್ಲ. 1907ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರಿನ ಹೋಟೆಲೊಂದರಲ್ಲಿ ಆಟಗಾರರ ಸಂಘ ಕಟ್ಟಿದವರಲ್ಲಿ ಪ್ರಮುಖನಾದ. 1909ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸಂಘದ ಮಾನ್ಯತೆ ರದ್ದುಪಡಿಸಿ, ಸದಸ್ಯತ್ವ ಬಿಡದವರಿಗೆ ನಿಷೇಧವೆಂದು ಸಾರಿತು. ಆತ ಆಗ ಆಡುತ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ನ ಆಟಗಾರರು ಮಣಿಯಲಿಲ್ಲ. ತಮ್ಮನ್ನು ‘ಬಹಿಷ್ಕೃತರು’ ಎಂದೇ ಕರೆದುಕೊಂಡು ಫಲಕ ಹಿಡಿದು ಚಿತ್ರ ತೆಗೆಸಿಕೊಂಡರು. ಕೊನೆಗೆ ಸಂಘಕ್ಕೆ ಮಾನ್ಯತೆ ಮರಳಿತು. ಗರಿಷ್ಠ ವೇತನದ ಗೆರೆ ಮಾತ್ರ ಅಳಿಸಿಹೋದದ್ದು 1961ರಲ್ಲಿ.

1920ರಲ್ಲಿ, 45ರ ವಯಸ್ಸಿನಲ್ಲಿ, ವೇಲ್ಸ್ ಪರ ತನ್ನ 48ನೆಯ ಹಾಗೂ ಕೊನೆಯ ಪಂದ್ಯವಾಡಿದ ಮೆರೆಡಿತ್ ಇಂಗ್ಲೆಂಡನ್ನು ಅದರ ನೆಲದಲ್ಲೇ ಸೋಲಿಸಿದ ತಂಡದಲ್ಲಿದ್ದ. ಗೆರೆ ಅಳಿಯುವುದನ್ನು ನೋಡಲು ಆತ ಉಳಿಯಲಿಲ್ಲ. 1958ರ ಏಪ್ರಿಲ್‌ನಲ್ಲಿ ತೀರಿಕೊಂಡ. ನಾಲ್ಕು ದಶಕಗಳಿಗೂ ಮೀರಿ ಸಮಾಧಿಯ ಮೇಲೆ ಹೆಸರು ಕೊರೆದ ಕಲ್ಲೂ ಇರಲಿಲ್ಲ. 2001ರಲ್ಲಿ ಕಲ್ಲು ನಿಲ್ಲಿಸಲು ಹಣ ಕೊಟ್ಟವರಲ್ಲಿ ಆಟಗಾರರ ಸಂಘವೂ ಒಂದು.

ಸಂಘ ತನ್ನನ್ನು ಕಟ್ಟಿದವನ ಹೆಸರನ್ನು ತಡವಾಗಿಯಾದರೂ ನೆನೆಯಿತು. ನಾನು ಷರಾ ಬರೆದ ಮನವಿಗಳ ಕೆಳಗಿದ್ದ ಸಹಿಗಳಲ್ಲಿ ಒಂದು ಹೆಸರೂ ನನಗೀಗ ನೆನಪಿಗೆ ಬರುತ್ತಿಲ್ಲ.