ಬೆವರಿಗೆ ಬಾಗಿಲಿಕ್ಕದ ಕಲ್ಲು

ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಇಂದಿಗೂ ಉಳಿದು ಬಂದಿರುವ ಗ್ರಂಧಿಗೆ ಅಂಗಡಿಗಳ ಪೈಕಿ ಒಂದರಲ್ಲಿ, ಲಾವಂಚ, ಕಚೋರ, ಭದ್ರಮುಷ್ಟಿ, ಸೀಗೆಕಾಯಿಗಳ ಗಂಧಗಳು ಬೆರೆತು ಯಾವುದು ಯಾವುದರದೆಂದು ಬೇರ್ಪಡಿಸಲಾಗದಂತಿದ್ದ ಕಿರಿದಾದ ಜಾಗದಲ್ಲಿ ನಿಂತು, ಕಂಕುಳಿನ ಬೆವರುನಾತಕ್ಕೆ ಹಿಂದಿನವರು ಏನನ್ನು ಬಳಸುತ್ತಿದ್ದರೆಂದು ನಾನು ಕೇಳಿದಾಗ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ವೃದ್ಧ ಶೆಟ್ಟರು ಮರುಮಾತಿಲ್ಲದೆ ತಗಡಿನ ಡಬ್ಬಿಯ ಮುಚ್ಚಳ ತೆಗೆದು ಮುಷ್ಟಿಗಾತ್ರದ ಬಿಳಿಯ ಕಲ್ಲೊಂದನ್ನು ನನ್ನ ಮುಂದಿಟ್ಟರು. ಅದು ಪಟಿಕ. “ಹಸೀದು ಬೇಕೋ, ಹುರಿದದ್ದು ಬೇಕೋ ಸ್ವಾಮಿ? ಮೈಗಾದರೆ ಹಸೀದೇ ಆಗಬೇಕು” ಎಂದವರೇ ಸುತ್ತಿಗೆಯ ಒಂದೇ ಪೆಟ್ಟಿಗೆ ಅದನ್ನು ಎರಡು ಹೋಳು ಮಾಡಿದರು. ಧೂಳು ಹಿಡಿದು ಮಸುಕಾಗಿದ್ದ ಆ ಕಲ್ಲಿನ ಒಡೆದ ಮುಖವು ನಿರ್ಮಲವಾಗಿ, ಒಳಗಿನ ಸಣ್ಣ ಬಿರುಕುಗಳೆಲ್ಲ ಕಾಣುವಷ್ಟು ಪಾರದರ್ಶಕವಾಗಿತ್ತು. ಒದ್ದೆ ಬೆರಳನ್ನು ಅದಕ್ಕೆ ಉಜ್ಜಿ ನಾಲಗೆಗೆ ಮುಟ್ಟಿಸಿದರೆ ಮೊದಲು ನಸುಸಿಹಿ, ಮರುಕ್ಷಣವೇ ಬಾಯನ್ನೆಲ್ಲ ಹಿಂಡುವ ಒಗರು.

ಪಟಿಕವನ್ನು ಅರಿಯದವರು ನಮ್ಮಲ್ಲಿ ವಿರಳ. ಕ್ಷೌರದ ಅನಂತರ ಕೆನ್ನೆಗೆ ತಿಕ್ಕುವುದಕ್ಕೂ, ರಾಡಿನೀರನ್ನು ತಿಳಿಗೊಳಿಸುವುದಕ್ಕೂ, ದೃಷ್ಟಿ ತಾಗದಿರಲೆಂದು ಬಾಗಿಲಿಗೆ ಕಟ್ಟುವುದಕ್ಕೂ ಅದು ಬೇಕು. ಆದರೆ ಇದೇ ವಸ್ತುವನ್ನು ನುಣುಪಾಗಿ ಉಜ್ಜಿ, ಅಂಡಾಕಾರಕ್ಕೆ ತಂದು, ಚೆಲುವಾದ ಪೆಟ್ಟಿಗೆಯಲ್ಲಿಟ್ಟು, ‘ಕ್ರಿಸ್ಟಲ್ ಡಿಯೋಡರೆಂಟ್’ ಎಂಬ ಹೆಸರಿನಲ್ಲಿ ದೊಡ್ಡ ಅಂಗಡಿಗಳು ನೂರಾರು ರೂಪಾಯಿಗೆ ಮಾರುತ್ತಿರುವುದನ್ನು ಕಂಡಿದ್ದ ನನಗೆ, ಆ ವಿದೇಶೀಯ ನೂತನದ್ರವ್ಯವು ಶೆಟ್ಟರ ಡಬ್ಬಿಯಲ್ಲಿ ಮೊದಲಿನಿಂದಲೂ ಇತ್ತೆಂಬುದನ್ನು ಕಣ್ಣಾರೆ ಕಂಡಾಗ ಆದ ಸಂತೋಷ ಇನ್ನೂ ಆರಿಲ್ಲ. ಬಹುಕಾಲ ಬಳಸಿದ ರೋಲ್-ಆನ್ ಅನ್ನು ಬಿಟ್ಟು ನಾನು ಪಟಿಕಕ್ಕೆ ಬಂದುದು ಆ ಭೇಟಿಯಿಂದ.

ಡಿಯೋಡರೆಂಟ್ ಮತ್ತು ಆಂಟಿಪರ್ಸ್ಪಿರೆಂಟ್ ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕದಲ್ಲೇ ಇದ್ದರೂ, ಮೊದಲನೆಯದು ದುರ್ಗಂಧವನ್ನು ತಡೆಯತಕ್ಕದ್ದು, ಎರಡನೆಯದು ಸ್ವೇದವನ್ನೇ ತಡೆಯತಕ್ಕದ್ದು. ಎರಡನೆಯದರಲ್ಲಿರುವ ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಮೊದಲಾದ ಲವಣಗಳು ಬೆವರಿನೊಡನೆ ಕೂಡಿ ನಾಳದ ಬಾಯಲ್ಲಿ ಜಿಗುಟಾದ ಬಿರಡೆಯಾಗಿ ನಿಲ್ಲುತ್ತವೆ. ಬೆವರಿಗಾದರೋ ಸ್ವತಃ ನಾತವಿಲ್ಲ. ಕಂಕುಳಿನಲ್ಲಿರುವ ಅಪೋಕ್ರೈನ್ ಗ್ರಂಥಿಗಳು ಸ್ರವಿಸುವ ದ್ರವವನ್ನು ಚರ್ಮದ ಮೇಲಿನ ಕೊರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೊಕಾಕಸ್ ಮುಂತಾದ ಸೂಕ್ಷ್ಮಾಣುಗಳು ವಿಭಜಿಸಿದಾಗ ಮಾತ್ರ ನಾತ ಹುಟ್ಟುತ್ತದೆ. ಕೊರಿಯಾ, ಚೀನಾ, ಜಪಾನುಗಳ ಜನರಲ್ಲಿ ಬಹುಪಾಲು ಮಂದಿಗೆ ಎಬಿಸಿಸಿ11 ಎಂಬ ಒಂದು ಜೀನಿನ ಭೇದದಿಂದ ಕಂಕುಳಿನ ನಾತವೇ ಅತ್ಯಲ್ಪ. ಅದೇ ಜೀನಿನ ಕಾರಣದಿಂದ ಅವರ ಕಿವಿಯ ಗುಗ್ಗೆಯೂ ಒಣದಾಗಿರುತ್ತದೆ.

ನಮ್ಮ ನಾಡಿನಲ್ಲಿ ಮೈಗಂಧವನ್ನು ಕುರಿತ ಚಿಂತನೆ ಹೊಸತಲ್ಲ. ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಸುಗಂಧದ್ರವ್ಯಗಳಿಗೂ ಸ್ಥಾನವುಂಟು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಸ್ನಾನ, ವಿಲೇಪನ, ಧೂಪಗಳನ್ನು ರಾಜನ ಭೋಗಗಳೆಂದೇ ವರ್ಣಿಸುತ್ತದೆ. ಬೆವರನ್ನೂ ಅದರ ನಾತವನ್ನೂ ತಡೆಯುವ ವ್ಯಾಪಾರವಾದರೋ ಅಮೆರಿಕದ್ದು. 1888ರಲ್ಲಿ ಫಿಲಡೆಲ್ಫಿಯಾದ ‘ಮಮ್’ ಲೇಪ ಬಂದಿತು, 1903ರಲ್ಲಿ ‘ಎವರ್‌ಡ್ರೈ’. ಸಿನ್ಸಿನಾಟಿಯ ಎಡ್ನಾ ಮರ್ಫಿ ಎಂಬ ತರುಣಿ, ಶಸ್ತ್ರವೈದ್ಯನಾಗಿದ್ದ ತಂದೆಯು ಶಸ್ತ್ರಕ್ರಿಯೆಯ ವೇಳೆ ಕೈ ಬೆವರದಿರಲೆಂದು ಸಿದ್ಧಪಡಿಸಿದ್ದ ದ್ರವವನ್ನು ‘ಓಡೊರೊನೊ’ ಎಂಬ ಹೆಸರಿನಲ್ಲಿ ಮಾರಹೊರಟು, 1912ರಲ್ಲಿ ಅಟ್ಲಾಂಟಿಕ್ ಸಿಟಿಯ ಪ್ರದರ್ಶನದಲ್ಲಿ ಗಿರಾಕಿಗಳನ್ನು ಕಂಡುಕೊಂಡಳು. ನಿಮ್ಮ ಮೈನಾತ ನಿಮಗೆ ತಿಳಿಯದೆ ಪರರಿಗೆ ತಿಳಿಯುತ್ತಿರಬಹುದೆಂದು ಹೆಂಗಸರನ್ನು ಅಂಜಿಸಿದ ಓಡೊರೊನೊದ 1919ರ ಜಾಹೀರಾತಿಗೆ ಸಿಟ್ಟಾಗಿ ಸುಮಾರು 200 ಮಂದಿ ಅದು ಅಚ್ಚಾದ ಮಾಸಪತ್ರಿಕೆಯ ಚಂದಾ ನಿಲ್ಲಿಸಿದರು. ಮಾರಾಟ ಮಾತ್ರ ಏರಿತು. ಜನರಿಗೆ ತಮ್ಮ ದೇಹದ ವಿಷಯದಲ್ಲಿ ಲಜ್ಜೆ ಹುಟ್ಟಿಸಿ ಸರಕು ಮಾರುವ ಈ ಪದ್ಧತಿಯನ್ನು ನಾನು ಎಂದಿಗೂ ಮೆಚ್ಚಲಾರೆ. ರೋಲ್-ಆನ್ ಬಂದುದು 1952ರಲ್ಲಿ, ಬಾಲ್‌ಪೆನ್ನಿನ ತತ್ತ್ವದಿಂದ.

ಇನ್ನು ಪಟಿಕಕ್ಕೆ ಬರುತ್ತೇನೆ. ಅದರ ವಿಷಯದಲ್ಲಿ ಎಷ್ಟು ಬರೆದರೂ ನನಗೆ ತೃಪ್ತಿಯಿಲ್ಲ. ಪೊಟ್ಯಾಸಿಯಂ, ಅಲ್ಯೂಮಿನಿಯಂ ಎರಡೂ ಸೇರಿದ ಸಲ್ಫೇಟಾದ ಈ ಕಲ್ಲಿನ ತೂಕದಲ್ಲಿ ನೂರಕ್ಕೆ 45ರಷ್ಟು ಬರಿಯ ನೀರು ಎಂದರೆ ಅದನ್ನು ಕೈಯಲ್ಲಿ ಹಿಡಿದವರಿಗೆ ನಂಬುಗೆ ಬಾರದು. ಬಾಣಲೆಯಲ್ಲಿಟ್ಟು ಕಾಯಿಸಿದರೆ, ನೀರು ಕುದಿಯುವುದಕ್ಕೂ ಮುನ್ನವೇ ಅದು ತನ್ನೊಳಗಿನ ನೀರಿನಲ್ಲಿ ತಾನೇ ಕರಗಿ, ಆ ನೀರನ್ನು ಕಳೆದುಕೊಳ್ಳುತ್ತ ಭತ್ತದ ಅರಳಿನಂತೆ ಬೆಳ್ಳಗೆ ಉಬ್ಬಿ ಹಗುರಾಗುತ್ತದೆ; ಶೆಟ್ಟರು ಹೇಳಿದ ಹುರಿದ ಪಟಿಕ ಅದೇ. ಬಿಸಿನೀರಿನಲ್ಲಿ ಹಿಡಿಯುವಷ್ಟು ಪಟಿಕವನ್ನು ಕರಗಿಸಿ, ಆರಿದ ದ್ರಾವಣದಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಹರಳೊಂದನ್ನು ಇಳಿಬಿಟ್ಟು ಅಲುಗಿಸದೆ ಇಟ್ಟರೆ, ಎಂಟು ಮುಖಗಳುಳ್ಳ ಹರಳಾಗಿ ಅದು ತಾನೇ ಬೆಳೆಯುತ್ತದೆ. ಮಂಜಿಷ್ಠದ ಕೆಂಪು ಬಟ್ಟೆಯಲ್ಲಿ ನೆಲೆಯಾಗಿ ನಿಲ್ಲುವಂತೆ ಮಾಡುವುದೂ ಇದೇ. ಆ ಕಾರಣದಿಂದ ಹದಿನೈದನೆಯ ಶತಮಾನದ ಯುರೋಪಿನಲ್ಲಿ ಇದಕ್ಕಾಗಿ ಹಾಹಾಕಾರವೇ ಇತ್ತು. ಇಟಲಿಯ ಟೋಲ್ಫಾದಲ್ಲಿ ಗಣಿ ದೊರೆತೊಡನೆ, ಪೋಪರು ಅದನ್ನು ತಮ್ಮ ಏಕಸ್ವಾಮ್ಯಕ್ಕೆ ತೆಗೆದುಕೊಂಡು, ತುರ್ಕರ ಪಟಿಕವನ್ನು ಕ್ರೈಸ್ತರು ಕೊಳ್ಳಕೂಡದೆಂದು ವಿಧಿಸಿದರು. ನಮ್ಮ ದೇಶದಲ್ಲಿ ಕಚ್ಛದ ಮಾತಾನೊ ಮಢ ಎಂಬಲ್ಲಿ ಪಟಿಕವನ್ನು ತೆಗೆಯುತ್ತಿದ್ದರು. ಇಂತಹ ಇತಿಹಾಸವುಳ್ಳ ವಸ್ತುವೊಂದು ನಾಪಿತನ ಮೇಜಿನ ಮೂಲೆಯಲ್ಲಿ ಯಾರ ಗಣನೆಗೂ ಬಾರದೆ ಬಿದ್ದಿರುವುದು ನನಗೆ ಸಹಿಸದು.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಪಟಿಕವೂ ಅಲ್ಯೂಮಿನಿಯಂನ ಲವಣವೇ ಆದುದರಿಂದ, ಅದನ್ನು ‘ಅಲ್ಯೂಮಿನಿಯಂ ರಹಿತ’ವೆಂದು ಮಾರುವುದು ಸತ್ಯಕ್ಕೆ ದೂರವಾದುದು. ಪಟಿಕ ಮಾಡುವ ಕೆಲಸವೇ ಬೇರೆ: ಚರ್ಮದ ಮೇಲೆ ಆಮ್ಲೀಯವಾದ ತೆಳುಪೊರೆಯಾಗಿ ನಿಂತು ಸೂಕ್ಷ್ಮಾಣುಗಳ ವೃದ್ಧಿಯನ್ನು ಕುಂದಿಸುತ್ತದೆ, ಬೆವರು ಮಾತ್ರ ಬಂದೇ ಬರುತ್ತದೆ. ನನಗೆ ಬೇಕಾದುದೂ ಅದೇ. ಉಷ್ಣದೇಶದಲ್ಲಿ ಹುಟ್ಟಿದವನಿಗೆ ಬೆವರು ಅನಾಚಾರವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ರೋಲ್-ಆನ್‌ನಿಂದ ಸ್ತನಕ್ಯಾನ್ಸರ್ ಬರುವುದೆಂಬ ಭಯವನ್ನು ಕೆಲವರು ಹಬ್ಬಿಸುತ್ತಾರೆ. ಸಂಶೋಧನೆಗಳು ಅಂತಹ ಸಂಬಂಧವನ್ನು ಸ್ಥಾಪಿಸಿಲ್ಲ. ಆ ಭಯದಿಂದ ಅದನ್ನು ಬಿಡಬೇಕಾದುದಿಲ್ಲ.

ಆಂಟಿಪರ್ಸ್ಪಿರೆಂಟ್ ರೋಲ್-ಆನ್ ಬಿಟ್ಟ ಮೊದಲ ವಾರಗಳಲ್ಲಿ ಕಂಕುಳು ಹೆಚ್ಚು ಒದ್ದೆಯಾಗುವುದೂ, ನಾತ ಹೆಚ್ಚಿದಂತೆ ತೋರುವುದೂ ಉಂಟು. ಶರೀರದ ವಿಷವೆಲ್ಲ ಹೊರಹೋಗುತ್ತಿದೆಯೆಂದು ಇದಕ್ಕೆ ಅರ್ಥ ಹೇಳಿ, ‘ಡಿಟಾಕ್ಸ್’ ಲೇಪಗಳನ್ನು ಮಾರುವವರನ್ನು ನಂಬತಕ್ಕದ್ದಲ್ಲ. ಆ ಕಾರ್ಯಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ. ಆಗುವುದಿಷ್ಟೆ: ನಾಳಗಳ ಬಿರಡೆ ಕಳಚುತ್ತದೆ, ಚರ್ಮದ ಮೇಲಿನ ಸೂಕ್ಷ್ಮಾಣುಗಳ ಸಮುದಾಯ ಬದಲಾಗುತ್ತದೆ. ನನಗೂ ಆ ದಿನಗಳಲ್ಲಿ ಮಧ್ಯಾಹ್ನಕ್ಕೊಮ್ಮೆ ಕಂಕುಳು ತೊಳೆದುಕೊಳ್ಳದೆ ನಿರ್ವಾಹವಿರಲಿಲ್ಲ. ಅನಂತರ ತಾನಾಗಿಯೇ ಹದಕ್ಕೆ ಬಂದಿತು. ಅಡಿಗೆಸೋಡ ಬೆರೆಸಿದ ನೈಸರ್ಗಿಕ ಲೇಪಗಳ ವಿಷಯದಲ್ಲಿ ಎಚ್ಚರ ಬೇಕು: ಚರ್ಮವು ಸ್ವಭಾವತಃ ಆಮ್ಲೀಯ, ಸೋಡ ಕ್ಷಾರೀಯ, ಅನೇಕರಿಗೆ ಕೆಂಪಾಗಿ ಉರಿ ಏಳುತ್ತದೆ.

ಪಟಿಕವನ್ನು ಬಳಸುವುದು ಸ್ನಾನವಾದೊಡನೆ, ಮೈ ಇನ್ನೂ ಒದ್ದೆಯಾಗಿರುವಾಗ. ರೋಮ ತೆಗೆದು ಚರ್ಮ ಗಾಯಗೊಂಡಿದ್ದರೆ ಬೇಡ, ಬಹಳ ಉರಿಯುತ್ತದೆ. ಅತಿಸ್ವೇದದ ವ್ಯಾಧಿಯಿಂದ ಅಂಗಿಯೆಲ್ಲ ತೊಯ್ದು ಸಂಕಟಪಡುವವರಿಗೆ ಇದು ಸಾಲದು; ಚರ್ಮವೈದ್ಯರು ಅಂಥವರಿಗೆ ಅಲ್ಯೂಮಿನಿಯಂ ಕ್ಲೋರೈಡನ್ನೇ ಬರೆದುಕೊಡುತ್ತಾರೆ, ಅದು ಯುಕ್ತವೂ ಹೌದು. ಉಳಿದವರು ಕಲ್ಲನ್ನು ಬದಲಿಸುವುದರ ಜೊತೆಗೆ ಅಂಗಿಯನ್ನೂ ಒಮ್ಮೆ ನೋಡಿಕೊಳ್ಳುವುದು ಒಳಿತು. ಪಾಲಿಯೆಸ್ಟರ್ ನೂಲಿನ ಮೇಲೆ ನಾತ ಹುಟ್ಟಿಸುವ ಮೈಕ್ರೊಕಾಕಸ್ ಸೂಕ್ಷ್ಮಾಣುಗಳು ಹುಲುಸಾಗಿ ಬೆಳೆಯುವುದನ್ನು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಆದುದರಿಂದಲೇ ಒಗೆದ ಪಾಲಿಯೆಸ್ಟರ್ ಅಂಗಿಯೂ ಮತ್ತೆ ತೊಟ್ಟೊಡನೆ ನಾರತೊಡಗುತ್ತದೆ, ಹತ್ತಿಯದು ಸಂಜೆಯವರೆಗೆ ತಾಳುತ್ತದೆ.